ಕೈಯ ತುದಿಗೆ ಹಚ್ಚಿದ ಶಾಯಿ

1962ರ ಚುನಾವಣೆ. ಗುಬ್ಬಿಯ ಪ್ರೈಮರಿ ಸ್ಕೂಲಿಗೆ ನಾನು ಟೀಚರಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಾಗಲವಾಡಿ ಕಡೆಯ ಒಂದು ಹಳ್ಳಿಗೆ ಡ್ಯೂಟಿ ಹಾಕಿದರು. ಹೆಂಗಸರ ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ.

ಬೆಳಗ್ಗೆಯಿಂದ ಒಬ್ಬ ಹೆಂಗಸು ಸಾಲಿಗೆ ಸೇರದೆ ದೂರದಲ್ಲಿ ನಿಂತೇ ಇದ್ದಳು. ಮಧ್ಯಾಹ್ನವೂ ಅಲ್ಲೇ ಕಂಡಳು. ಸಾಲಿನಲ್ಲಿದ್ದವರನ್ನು ಕೇಳಿದರೆ, ಅವಳು ಸಿದ್ದಮ್ಮ, ದೊಡ್ಡರೋಗ, ಅಂದರೆ ಕುಷ್ಠ, ಬಂದು ಊರಾಚೆ ಗುಡಿಸಲಲ್ಲಿದ್ದಾಳೆ ಅಂದರು. ನಾನೇ ಹೋಗಿ, ಓಟಿಗೆ ಬಂದೆಯಾ ಅಮ್ಮ ಅಂದೆ. ಎಲ್ಲರದೂ ಮುಗಿದ ಮೇಲೆ ಬರುತ್ತೇನೆ ಅಂದಳು. ಸಾಲು ಸಂಜೆಯಾದರೂ ಕರಗುವಂತಿರಲಿಲ್ಲ. ಹೊತ್ತು ಮೀರಿದರೆ, ಸಾಲಿನಲ್ಲಿ ಇಲ್ಲದವರನ್ನು ಸೇರಿಸುವಂತೆಯೂ ಇರಲಿಲ್ಲ.

ನಮ್ಮ ಮತಗಟ್ಟೆಯ ಅಧಿಕಾರಿ ತುಮಕೂರಿನಿಂದ ಬಂದಿದ್ದ ವಯಸ್ಸಾದ ಮೇಷ್ಟ್ರು. ಅವರಿಗೆ ಹೇಳಿದೆ. ಒಬ್ಬ ಅಭ್ಯರ್ಥಿಯ ಏಜೆಂಟಾಗಿ ಕೂತಿದ್ದ ಊರಿನ ದೊಡ್ಡ ಮನುಷ್ಯರೊಬ್ಬರಿಗೂ ಕೇಳಿಸಿತು.

"ಅವ್ಳು ಮುಟ್ಟಿದ ಓಟೊತ್ತೋ ಮುದ್ರೆ ನಮ್ಮ ಹೆಂಗಸ್ರು ಮುಟ್ಟಾಕಿಲ್ಲ. ಒಬ್ಳಿಗೋಸ್ಕರ ಇಷ್ಟೂ ಜನದ ಓಟು ಹೋಗ್ಲಾ?" ಅಂದರು.

ಮೇಷ್ಟ್ರು, ಗಲಾಟೆ ಬೇಡಮ್ಮ, ಬಿಟ್ಟುಬಿಡು ಅಂತ ನನಗೆ ಮೆಲ್ಲಗೆ ಹೇಳಿದರು. ಆದರೂ ಬಾಯಿ ತಡೆಯಲಿಲ್ಲ.

"ಸಾರ್, ಅವಳ ಹೆಸರು ಪಟ್ಟಿಯಲ್ಲಿದೆ. ಬೇಡ ಅನ್ನೋದಾದ್ರೆ ಹಾಗಂತ ಬರೆದು ರುಜು ಹಾಕ್ಕೊಡಿ."

ಅವರು ಪಟ್ಟಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ಕರೆದುಕೊಂಡು ಬಾ ಅಂದರು.

ಸಿದ್ದಮ್ಮ ಒಳಗೆ ಬಂದಾಗ ಸಾಲು ಎರಡು ಪಾಲಾಗಿ ದೂರ ಸರಿಯಿತು. ಬೆರಳೇ ಇಲ್ಲವಲ್ಲ, ಶಾಯಿ ಎಲ್ಲಿಗೆ ಹಚ್ತೀರಿ ಅಂತ ಏಜೆಂಟರು ಮತ್ತೆ ತಗಾದೆ ತೆಗೆದರು. ನಿಜ, ಎರಡು ಕೈಯಲ್ಲೂ ಒಂದು ಬೆರಳೂ ಉಳಿದಿರಲಿಲ್ಲ. ಮೇಷ್ಟ್ರು ನಿಯಮದ ಪುಸ್ತಕ ತೆರೆದು, ಬೆರಳಿಲ್ಲದವರಿಗೆ ಕೈಯ ತುದಿಗೆ ಹಚ್ಚಬಹುದು ಅಂತ ಗಟ್ಟಿಯಾಗಿ ಓದಿದರು.

"ಮುಟ್ಬ್ಯಾಡಿ ಅವ್ವಾ, ಮ್ಯಾಲಿಂದ್ಲೇ ಹಚ್ಬುಡಿ" ಅಂದಳು ಸಿದ್ದಮ್ಮ.

ಒಂದು ಕ್ಷಣ ನನ್ನ ಕೈ ಹಿಂದೆ ಸರಿಯಿತು. ಆಮೇಲೆ ಮಣಿಕಟ್ಟು ಹಿಡಿದು ಹಚ್ಚಿದೆ.

ಓಟು ಒತ್ತುವ ಮರೆಯೊಳಗೆ ಮುದ್ರೆ ಕೆಳಗೆ ಬಿದ್ದ ಸದ್ದಾಯಿತು. ಯಾರಾದರೂ ಒತ್ತಿಕೊಡಬೇಕಾ ಅಂತ ಮೇಷ್ಟ್ರು ಕೇಳಿದರು. "ಬ್ಯಾಡ ಸ್ವಾಮಿ, ನಾನೇ ಒತ್ತೀನಿ" ಅಂದಳು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಲೋಕಸಭೆಯದೊಂದು, ವಿಧಾನಸಭೆಯದೊಂದು, ಎರಡು ಚೀಟಿಯನ್ನೂ ಅಂಗೈಗಳ ನಡುವೆ ಒತ್ತಿಹಿಡಿದು ತಂದು ಪೆಟ್ಟಿಗೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಮೇಷ್ಟ್ರು ಎದ್ದು ಆ ಮುದ್ರೆಯನ್ನು ಎಲ್ಲರಿಗೂ ಕಾಣುವಂತೆ ಮುಷ್ಟಿಯಲ್ಲಿ ಹಿಡಿದು ನಿಂತರು. ಕಡೆಗೆ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ನಂಗೆ ಹೊತ್ತಾಯ್ತದೆ ಅಂತ ಗೊಣಗಿಕೊಂಡು ಬಂದು ಅದನ್ನು ಅವರ ಕೈಯಿಂದಲೇ ಇಸಿದುಕೊಂಡಳು. ಸಾಲು ಮತ್ತೆ ಸಾಗಿತು. ಏಳೆಂಟು ಜನ ಓಟು ಹಾಕದೆ ಹೋದರು. ಏಜೆಂಟರು ಮಾತ್ರ ಬೆಳಗ್ಗೆಯೇ ಹಾಕಿದ್ದರು.

ಮನೆಗೆ ಬಂದವಳೇ ನಾನು ಸೋಪು ಹಾಕಿ ಎರಡೆರಡು ಸಲ ಕೈ ತೊಳೆದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ನನ್ನ ಹೆದರಿಕೆ ಹೋಗಲಿ ಅಂತ ಕಾದಿದ್ದರೆ ಸಿದ್ದಮ್ಮನ ಓಟು ಹೋಗುತ್ತಿತ್ತು. ಹೆದರಿಕೊಂಡೇ ಆಕೆಯ ಕೈ ಹಿಡಿದೆ. ಹಿಡಿದೆನಲ್ಲ, ಅಷ್ಟು ಸಮಾಧಾನ.