ಶಾರದಾಬಾಯಿಯ ಮಂಚಗಳು

“ಮಮ್ಮೀ, ಶಾರದಾ ಆಯಿ ಎಲ್ಲಾರಿಗೂ ಬೈತಾಳಲ್ಲ, ಮತ್ತ ಅವರ ಬಾಯಾಗ ತಾನೇ ಯಾಕ ತುತ್ತು ಇಡ್ತಾಳ?”

ಜಡೆ ಹಾಕಿಸಿಕೊಳ್ಳುತ್ತಾ ಐದು ವರ್ಷದ ಸೃಷ್ಟಿ ಕೇಳಿದಳು. ತಾಯಿ ಸ್ನೇಹಲತಾ ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ ರಿಬ್ಬನ್ ತೆಗೆದು ಜಡೆಗೆ ಸುತ್ತಿದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಶಾರದಾಬಾಯಿಯ ದನಿ ಕಾಂಪೌಂಡ್ ದಾಟಿ ಬಂತು: “ಗೊಲ್ಲಾಳಪ್ಪ, ಏರಪ್ಪಾ ಮ್ಯಾಲೆ. ಮಂಚ ಏನ್ ಕಡಿಯಂಗಿಲ್ಲ ನಿನಗ.”

ಲಿಂಗಂಪಲ್ಲಿ ಸ್ಟೇಷನ್ ಹಿಂದಿನ ಗಲ್ಲಿಯ ಆ ಮನೆಗೆ ವೃದ್ಧಾಶ್ರಮ ಅಂತ ಬೋರ್ಡೇನೋ ಇದೆ. ಆದರೆ ಶಾರದಾಬಾಯಿ ಆಶ್ರಮ ಕಟ್ಟುತ್ತೇನೆಂದು ಹೊರಟವಳಲ್ಲ. ಬಸವಕಲ್ಯಾಣದ ಹುಡುಗಿ, ಸಿಕಂದರಾಬಾದಿನ ರೈಲ್ವೆ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಮಲ್ಲಣ್ಣನ ಕೈಹಿಡಿದು ಬಂದಳು. ಲಕ್ವಾ ಹೊಡೆದ ಅತ್ತೆಯನ್ನು ಎತ್ತಿ ಇಳಿಸಿ ಸೊಂಟ ಸವೆಸಿಕೊಂಡಳು. ಅತ್ತೆ ಹೋದಳು, ಹಿಂದೆಯೇ ಗಂಡನೂ ಹೋದ. ಎದುರಿನ ಬಯಲಿನಲ್ಲಿ ಆಗ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗ ತಾಯಿಯನ್ನು ಕರೆತಂದು, “ಬಾಯಾರ, ಶೆಡ್ಡಿನಾಗ ತಗಡು ಕಾದು ಕೆಂಡ ಆಗತೈತಿ. ಹಗಲೊತ್ತಷ್ಟ ನಿಮ್ಮ ಕಟ್ಟಿ ಮ್ಯಾಲೆ ಕುಂದ್ರಲಿ” ಅಂದ. ಅಪಾರ್ಟ್‌ಮೆಂಟ್ ಮುಗಿಯಿತು, ಹುಡುಗ ಬೇರೆ ಸೈಟಿಗೆ ಹೋದ, ಹಗಲೊತ್ತಿಗೆಂದು ಬಂದ ಪಾರ್ವತೆಮ್ಮ ಉಳಿದೇಬಿಟ್ಟಳು. ಆಕೆಯ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಈಗ ಹತ್ತು ಜನ. ಎಲ್ಲರ ಮಕ್ಕಳೂ ಊರ ತುಂಬಾ ಕಟ್ಟಡ ಕಟ್ಟುವವರೇ. ರವಿವಾರ ಸಿಮೆಂಟಿನ ಕೈ ತೊಳೆದು, ಬಾಳೆಹಣ್ಣು ಹಿಡಿದು ಬರುತ್ತಾರೆ.

ಕಷ್ಟ ಶುರುವಾದದ್ದು ಪರವಾನಗಿ ಮುಂದುವರಿಸುವ ಹೊತ್ತಿಗೆ. ತಪಾಸಣೆಗೆ ಬಂದ ಅಧಿಕಾರಿ ಮೇಡಂ ಅಡುಗೆಮನೆ ಮೆಚ್ಚಿದಳು, ಔಷಧಿ ಡಬ್ಬಿ ಮೆಚ್ಚಿದಳು. ಮಲಗುವ ಕೋಣೆಯಲ್ಲಿ ಮಾತ್ರ ನಿಂತುಬಿಟ್ಟಳು. ಗೋಡೆಗುಂಟ ಮಡಚಿಟ್ಟ ಕೌದಿಗಳು, ಒಂದೂ ಮಂಚವಿಲ್ಲ. ತಲೆಗೊಂದು ಮಂಚ ಬೇಕೇಬೇಕು, ಮುಂದಿನ ಗುರುವಾರ ಮತ್ತೆ ಬರುತ್ತೇನೆ, ಇಲ್ಲವಾದರೆ ಪರವಾನಗಿ ಇಲ್ಲ ಎಂದು ತೆಲುಗಿನಲ್ಲಿ ಮೆತ್ತಗೆ ಹೇಳಿ ಹೋದಳು. ಪರವಾನಗಿ ಇಲ್ಲವೆಂದರೆ ಮನೆಗೆ ಬೀಗ. ಹತ್ತೂ ಜನ ಮತ್ತೆ ಕ್ರೇನಿನ ಬುಡದ ತಗಡಿನ ಶೆಡ್ಡಿಗೆ.

ಶಾರದಾಬಾಯಿ ಮುಚ್ಚಿದ ಹಾಸ್ಟೆಲೊಂದರ ಕಬ್ಬಿಣದ ಮಂಚಗಳನ್ನು ಹುಡುಕಿ ತಂದಳು. ತುಕ್ಕು ಕೆರೆದು ಬಣ್ಣ ಹೊಡೆಸಿದಳು. ಆಫೀಸು ಮುಗಿಸಿ ಬೇಗಂಪೇಟೆಯಿಂದ ಲೋಕಲ್ ಟ್ರೇನಿನಲ್ಲಿ ಬರುತ್ತಿದ್ದ ಸ್ನೇಹಲತಾ, ಸೃಷ್ಟಿಗೆ ಊಟ ಮಾಡಿಸಿ ಪಕ್ಕದ ಮನೆಗೆ ಓಡುವಳು. ಬಚ್ಚಲುಮನೆಯಲ್ಲಿ ಮುದುಕರ ಆಸರೆಗೆ ಗೋಡೆಗೆ ಹಿಡಿಕೆ ಕೂರಿಸಲು ಬಂದವನು ಅದನ್ನು ತನ್ನ ಎತ್ತರಕ್ಕೆ ಕೂರಿಸಿ ಹೋಗಿದ್ದ. “ಪಾರ್ವತೆಮ್ಮ ಇದಕ್ಕ ಜೋತುಬೀಳಬೇಕೇನು? ಸರ್ಕಸ್ ನಡಸಾಕತ್ತೀನಿ ನಾ?” ಎಂದು ಶಾರದಾಬಾಯಿ ಫೋನಿನಲ್ಲಿ ಅವನ ಜನ್ಮ ಜಾಲಾಡಿದಳು. ಅವನು ಮತ್ತೆ ಬಂದು ಕೆಳಗಿಳಿಸಿದ; ಇಳಿಸುವಾಗ ಎರಡು ಟೈಲ್ಸ್ ಒಡೆದ.

ಹಿಡಿಕೆಯಾದರೂ ಕೆಳಗಿಳಿಯಿತು, ಮುದುಕರು ಮೇಲೆ ಏರಲೊಲ್ಲರು.

“ನಾ ಹೊರಸಿನ ಮ್ಯಾಲೆ ಮಲಗಿದ್ದು ಬಾಣಂತನದಾಗ ಅಷ್ಟ,” ಅಂದಳು ಪಾರ್ವತೆಮ್ಮ. “ಈಗ್ಯಾಕ ಏರಸ್ತಿ? ಮತ್ತ ಹಡೀಲೇನು?”

“ಹಡದ್ರ ಹಡಿ, ಬಾಣಂತನ ನಾ ಮಾಡ್ತೀನಿ. ಮೊದಲ ಏರು.”

ಗೊಲ್ಲಾಳಪ್ಪ ತನ್ನ ಕಾಲದಲ್ಲಿ ಗೌಂಡಿ. “ಏಳು ಅಂತಸ್ತಿನ ಮ್ಯಾಲೆ ನಿಂತು ಪ್ಲಾಸ್ಟರ್ ಮಾಡೀನಿ ಬಾಯಾರ, ಬಿದ್ದಿಲ್ಲ. ಇದರ ಮ್ಯಾಲಿಂದ ಬೀಳತೀನಿ ನೋಡ್ರಿ” ಅಂದವನು ಆ ರಾತ್ರಿಯೇ ದೊಪ್ಪನೆ ಬಿದ್ದ. ಏಟೇನೂ ಆಗಲಿಲ್ಲ, ಆದರೆ ಬೆಳಗಾಗುವಷ್ಟರಲ್ಲಿ ಹತ್ತೂ ಕೌದಿಗಳು ನೆಲದ ಮೇಲಿದ್ದವು. ಕೊನೆಗೆ ಶಾರದಾಬಾಯಿ ಕೈಮುಗಿದಳು. “ಮಲಗಬ್ಯಾಡ್ರಿ ಮಾರಾಯರ. ಗುರುವಾರ ಆಕಿ ಬಂದು ಹೋಗೋ ಮಟ ಸುಮ್ಮ ಕುಂದರ್ರಿ. ಅಷ್ಟ ಸಾಕು.” ಅದಕ್ಕೆ ಎಲ್ಲರೂ ಒಪ್ಪಿದರು.

ಗುರುವಾರ ಸ್ನೇಹಲತಾ ರಜೆ ಹಾಕಿದ್ದಳು. ಒಗೆದ ಸೀರೆ, ಬಿಳಿ ಧೋತರ, ಎಣ್ಣೆ ಹಚ್ಚಿ ಬಾಚಿದ ತಲೆ. ಹತ್ತು ಮಂಚದ ಮೇಲೆ ಹತ್ತು ಜನ ಫೋಟೋಕ್ಕೆ ಕುಳಿತಂತೆ ಕಾಲು ಇಳಿಬಿಟ್ಟು ಕುಳಿತಿದ್ದರು. ಶಾರದಾಬಾಯಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದಳು. ಎಷ್ಟೋ ದಿನಗಳ ಮೇಲೆ ಆಕೆಯ ಮುಖ ಸಡಿಲಾಯಿತು.

ಮೇಡಂ ಹೊಸ್ತಿಲು ದಾಟಿದಳು. ಇಸ್ತ್ರಿ ಮುರಿಯದ ಕಾಟನ್ ಸೀರೆ, ಕೊರಳಲ್ಲಿ ಗುರುತಿನ ಕಾರ್ಡು, ಹಿಂದೆ ಫೈಲ್ ಹಿಡಿದ ಸಹಾಯಕ.

ಗೊಲ್ಲಾಳಪ್ಪ ಆಕೆಯನ್ನು ನೋಡಿದ. ಮೆಲ್ಲಗೆ ಮಂಚ ಇಳಿದು ನೆಲದ ಮೇಲೆ ಕುಳಿತು ಕೈಮುಗಿದ. ಅವನನ್ನು ನೋಡಿ ಪಾರ್ವತೆಮ್ಮ ಮಂಚದ ಸರಳು ಹಿಡಿದು, ಮೊಣಕಾಲಿನ ನೋವಿಗೆ ತುಟಿ ಕಚ್ಚಿ, ತಾನೂ ಇಳಿದಳು. ಒಬ್ಬರ ಹಿಂದೊಬ್ಬರು ಎಲ್ಲರೂ ಇಳಿದರು.

“ಏರ್ರಿ ಮ್ಯಾಲೆ,” ಶಾರದಾಬಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಪೈನ ಕೂರ್ಚೋಂಡಿ, ಪರ್ವಾಲೇದು,” ಮೇಡಂ ಕೂಡ ಮೇಲೆಯೇ ಕುಳಿತುಕೊಳ್ಳಿ ಎಂದು ಮಂಚ ತೋರಿಸಿದಳು.

“ಇರ್ಲಿರಿ ತಾಯಿ,” ಅಂದ ಗೊಲ್ಲಾಳಪ್ಪ. “ನೀವು ಸಾಹೇಬರು ನಿಂತೀರಿ. ನಾವು ಮ್ಯಾಲೆ ಕುಂತ್ರ ಚಂದ ಕಾಣಂಗಿಲ್ಲ.”

ಸ್ನೇಹಲತಾ ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಮೇಡಂ ಕುಳಿತಳು. ಅದರಿಂದ ಕೆಲಸ ಇನ್ನೂ ಕೆಟ್ಟಿತು: ಕುರ್ಚಿ ಮಂಚಕ್ಕಿಂತ ಗಿಡ್ಡ. ಈಗಂತೂ ಒಬ್ಬರೂ ಮಿಸುಕಲಿಲ್ಲ.

ಮೇಡಂ ಕೈಚಾಚಿ ಗಾದಿ ಮುಟ್ಟಿದಳು. ಪ್ಲಾಸ್ಟಿಕ್ ಹೊದಿಕೆ ಚರಚರ ಅಂದಿತು. ಇದರ ಮೇಲೆ ಯಾರು ಮಲಗುತ್ತಾರೆ ಎಂದು ಕೇಳಿದಳು.

“ಯಾರೂ ಇಲ್ರಿ,” ಪಾರ್ವತೆಮ್ಮ ಮುಖ ಅರಳಿಸಿ ಹೇಳಿದಳು. “ನೀವು ಬರ್ತೀರಿ ಅಂತ ನಿಮ್ಮ ಸಲುವಾಗಿ ತಂದದ್ದು.”

ಸಹಾಯಕ ನಾರಾಯಣಪೇಟೆ ಕಡೆಯವನು, ಕನ್ನಡ ಬರುತ್ತಿತ್ತು. ನಗು ತಡೆಯುತ್ತಾ ತೆಲುಗಿನಲ್ಲಿ ಹೇಳಿದ. ಮೇಡಂ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಎದ್ದು ಹೊರಗೆ ಬಂದು ಶಾರದಾಬಾಯಿಗೆ ಹೇಳಿದಳು: ನಾನು ಕಂಡದ್ದನ್ನು ಬರೆಯಬೇಕು ಅಮ್ಮಾ, ಕಂಡದ್ದು ನೆಲದ ಮೇಲೆ ಕುಳಿತವರನ್ನು. ಈ ತಿಂಗಳಲ್ಲಿ ಇನ್ನೊಮ್ಮೆ ಬರುತ್ತೇನೆ, ಹೇಳದೆ ಬರುತ್ತೇನೆ. ಅದೇ ಕೊನೆ.

ಜೀಪು ಗಲ್ಲಿ ತಿರುಗಿದ ಮೇಲೆ ಶಾರದಾಬಾಯಿ ಅಡುಗೆಮನೆಗೆ ಹೋಗಿ ಹಿಟ್ಟು ನಾದಲು ಕುಳಿತಳು. ಆ ಹಿಟ್ಟಿನ ಮೇಲೆ ಬಿದ್ದ ಗುದ್ದುಗಳನ್ನು ನೋಡಿ ಸ್ನೇಹಲತಾ ಬಾಗಿಲಲ್ಲೇ ನಿಂತಳು.

“ನಾ ಎಷ್ಟ ಹೇಳಿದ್ರೂ ಏರಂಗಿಲ್ಲ. ಆಕಿ ಒಂದ ಕಾಲು ಒಳಗಿಟ್ಟಳು, ಎಲ್ಲಾ ಕೆಳಗ,” ಅಂದಳು ಶಾರದಾಬಾಯಿ. “ಯಾರಿಗೆ ಬೈಲಿ? ಮರ್ಯಾದಿ ಕೊಟ್ರಲ್ಲ ಅಂತ ಬೈಲೇನು?”

“ಮಲಗೋದು ಹೆಂಗಾರ ರೂಢಿ ಮಾಡಸೋಣ ಕಾಕೂ. ಗ್ವಾಡಿಗೆ ಹಚ್ಚಿ ಹಾಕಿದ್ರ ಬೀಳಂಗಿಲ್ಲ.”

“ಮಲಗೋದು ನಾ ನೋಡ್ಕೋತೀನಿ. ಇಳಿಯೋದು ಹೆಂಗ ಬಿಡಸ್ಲಿ?” ಹಿಟ್ಟಿನ ಕೈ ನಿಂತಿತು. “ನನ್ನ ನೋಡಿ ಇಳಿಯಂಗಿಲ್ಲ, ನಿನ್ನ ನೋಡಿ ಇಳಿಯಂಗಿಲ್ಲ. ಹೊಸಬರ ನೋಡಿದ್ರ ಇಳೀತಾರ. ಸ್ನೇಹಾ, ನಿನ್ನ ಆಫೀಸಿನಾಗ ಹೆಣ್ಣುಮಕ್ಕಳು ಭಾಳ ಮಂದಿ ಅದಾರಲ್ಲ?”

“ಅದಾರ. ಯಾಕ?”

“ನೀ ಬರೋ ಟ್ರೇನಿಗೆ ದಿನಾ ಸಂಜಿಕೆ ಒಬ್ಬೊಬ್ಬಾಕಿನ್ನ ಕರಕೊಂಡು ಬಾ ನನ್ನವ್ವಾ. ಚಾ ಕುಡಿಸಿ ಕಳಸ್ತೀನಿ. ಕೊರಳಾಗಿನ ಕಾರ್ಡ್ ತೆಗೀಬ್ಯಾಡ್ರಿ ಅಂತ ಹೇಳು. ಸೀದಾ ಒಳಗ ಬಂದು ಇವರ ಮುಂದ ನಿಂದ್ರಲಿ. ಇವರು ಇಳದ್ರ ಹೊರಗ ಹೋಗಿ ಮತ್ತ ಬರಲಿ. ಇವರು ಇಳೀದ ಮ್ಯಾಲೇ ಕುಂದ್ರೋ ಮಟ ಬರಲಿ.”