ಮುರಿಯಬೇಕಿದ್ದ ಬಿಲ್ಲೆ

ಬೀರು ಒರೆಸುವಾಗ ನಶ್ಯದ ಡಬ್ಬಿಯೊಂದು ಉರುಳಿಬಿತ್ತು. ಮುಚ್ಚಳ ತೆಗೆದರೆ ಇಷ್ಟು ವರ್ಷಗಳಾದರೂ ಅದೇ ಘಾಟು. ಒಳಗೆ ಮೊಟ್ಟೆಯಾಕಾರದ ತಗಡಿನ ಬಿಲ್ಲೆ, ನಡುವೆ ಸಾಲಾಗಿ ಸೀಳುಗಳು. ಕ್ಯಾತನಹಳ್ಳಿಯ ನಮ್ಮ ಪಕ್ಕದ ಮನೆಯ ಮಿಲ್ಟ್ರಿ ತಾತ ಕೊಟ್ಟಿದ್ದು.

ತಾತ ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಬ್ರಿಟಿಷರ ಲಾರಿ ಓಡಿಸಿದವರು. ಸತ್ತ ಜರ್ಮನ್ ಸಿಪಾಯಿಯೊಬ್ಬನನ್ನು ಮಣ್ಣು ಮಾಡುವಾಗ ಅವನ ಕೊರಳಿನ ಬಿಲ್ಲೆಯನ್ನು ನೆನಪಿಗೆಂದು ಬಿಚ್ಚಿಕೊಂಡಿದ್ದರು. ಅದರಲ್ಲಿ ಹೆಸರಿರಲಿಲ್ಲ, ಬರೀ ಅಂಕಿ, ಅಕ್ಷರ. ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದಲ್ಲಿ ಚರಿತ್ರೆಯ ಮೇಷ್ಟ್ರು.

"ಲೇ ಮೇಷ್ಟ್ರೇ, ಇದ್ರಲ್ಲಿ ಏನ್ ಬರ್ದದೆ ನೋಡ್ಲಾ" ಎಂದು ತಾತ ಒಂದು ದಿನ ಬಿಲ್ಲೆ ತೋರಿಸಿದ್ದರು.

ಅಕ್ಷರಗಳು ಆ ಸಿಪಾಯಿಯ ಪಡೆಯ ಗುರುತು, ಅದರ ಜಾಡು ಹಿಡಿದು ಮೈಸೂರಿನ ಲೈಬ್ರರಿಯಲ್ಲಿ ಹುಡುಕಿದೆ. ಅವನಿದ್ದ ಕಾಲಾಳು ಡಿವಿಷನ್ನಿನ ಚರಿತ್ರೆಯೇ ಸಿಕ್ಕಿತು. ರಷ್ಯಾದ ಹಿಮದಲ್ಲಿ ಅರ್ಧಕ್ಕರ್ಧ ನಾಶವಾದದ್ದು, ಮೀಸೆ ಮೂಡದ ಹುಡುಗರನ್ನು ತುಂಬಿಸಿ ಇಟಲಿಗೆ ಅಟ್ಟಿದ್ದು, ಅಲ್ಲಿ ಹೊಳೆಯಿಂದ ಹೊಳೆಗೆ ಹಿಂದೆ ಸರಿಯುತ್ತ ಸವೆದದ್ದು... ಜಗುಲಿಯ ಮೇಲೆ ಕೂತು ಎಲ್ಲ ಒದರಿದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ನನ್ನದು ಅಧಿಕಪ್ರಸಂಗ. ಸಿಪಾಯಿ ಸತ್ತರೆ ಬಿಲ್ಲೆಯನ್ನು ಸೀಳಿನಲ್ಲಿ ಮುರಿದು ಅರ್ಧ ಹೆಣದ ಮೇಲೇ ಬಿಡಬೇಕು, ಇನ್ನರ್ಧ ಕಚೇರಿಗೆ ಹೋದರೆ ಮನೆಗೆ ಸುದ್ದಿ ಮುಟ್ಟುತ್ತದೆ, ಪೂರ್ತಿ ಬಿಚ್ಚಿಕೊಂಡರೆ ಅವನು ಬರೀ 'ಕಾಣೆ' ಎಂದೆ.

ತಾತನ ಮುಖ ಬಿಳಿಚಿತು. ಅವರ ಅಣ್ಣನೂ ಬರ್ಮಾದ ಯುದ್ಧದಲ್ಲಿ ಕಾಣೆಯಾದವನು. ಪಿತೃಪಕ್ಷದಲ್ಲಿ ಅವನಿಗೆ ಎಡೆ ಇಡಲು ಅತ್ತಿಗೆ ಬದುಕಿರುವವರೆಗೂ ಬಿಟ್ಟಿರಲಿಲ್ಲ.

"ನಮ್ಮತ್ಗೆ ಸಾಯೋಗಂಟ ಕುಂಕ್ಮ ಅಳಿಸ್ಲಿಲ್ಲ ಕಣ್ಲಾ. ಅಲ್ಲೂ ಒಬ್ಳು ಅಂಗೇ ಕುಂತವ್ಳೆ, ನನ್ನಿಂದ. ಆ ಜರ್ಮನಿ ಕಚೇರಿಗೆ ಕಾಗ್ದ ಬರಿಯಪ್ಪಾ, ಕೈ ಮುಗಿತೀನಿ."

ಡಬ್ಬಿ ಸಮೇತ ಬಿಲ್ಲೆಯನ್ನು ನನಗೆ ಕೊಟ್ಟರು. ಹೆಣ ಹೂತ ಜಾಗವನ್ನೂ ಬಿಡಿಸಿ ಬಿಡಿಸಿ ಹೇಳಿದರು. ನಾನು ಪರೀಕ್ಷೆಯ ಪೇಪರು ತಿದ್ದುತ್ತ ಹೂಂಗುಟ್ಟಿದೆ. ಇವತ್ತು ನಾಳೆ ಎಂದು ತಳ್ಳಿದೆ. ಕೊನೆಗೆ ಅವರ ಕಾಟ ತಡೆಯದೆ "ಪೋಸ್ಟ್ ಮಾಡ್ದೆ ತಾತ" ಎಂದು ಸುಳ್ಳು ಹೇಳಿಬಿಟ್ಟೆ.

ಅಂದಿನಿಂದ ಅವರು ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಅಡ್ಡ ನಿಲ್ಲತೊಡಗಿದರು. "ಜರ್ಮನಿದು ಬಂತೇನಪ್ಪಾ?" ಆ ಪಿತೃಪಕ್ಷದಲ್ಲಿ ಎರಡು ಎಲೆ ಹಾಕಿಸಿ ಎಡೆ ಇಟ್ಟರು, ಒಂದು ಅಣ್ಣನಿಗೆ, ಇನ್ನೊಂದು ಆ ಸಿಪಾಯಿಗೆ. ಎರಡನೆಯ ಎಲೆಯ ಮುಂದೆ ಯಾರ ಹೆಸರು ಕರೆಯಬೇಕೆಂದು ತಿಳಿಯದೆ ಮಗುವಿನ ಹಾಗೆ ಅತ್ತರು. ಆಗಲೂ ನಾನು ನಿಜ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ತಾತ ಇರಲಿಲ್ಲ.

ಈಗ ಆ ಕಾಗದ ಬರೆಯಲು ಕೂತಿದ್ದೇನೆ. ಬಿಲ್ಲೆಯ ಅಂಕಿಗಳನ್ನು ಇಳಿಸಿಕೊಂಡದ್ದಾಯಿತು. ಹೂತ ಜಾಗ ಬರೆಯಬೇಕಾದಲ್ಲಿ ಪೆನ್ನು ನಿಂತಿದೆ. ತಾತ ಊರಿನ ಹೆಸರು ಹೇಳಿದ್ದರು, ಹಾದಿ ಹೇಳಿದ್ದರು. ನನಗೆ ನೆನಪಿರುವುದು ಒಂದು ಹಳ್ಳ, ಅದರ ದಡದಲ್ಲಿ ಯಾವುದೋ ಮರ...