ಹುರುಳಿ ಹಾಸಿದ ರಸ್ತೆ ಮತ್ತು ನನ್ನ ಕಾರಿನ ಕೀ

ತೆಂಗಿನಕಾಯಿ ವ್ಯಾಪಾರಕ್ಕೆ ಇಳಿಯುವವರು ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಗುಡ್ಡೆ ನೋಡದೆ ಬೆಲೆ ಹೇಳಬೇಡಿ. ಫೋನಿನಲ್ಲಿ ಎಲ್ಲರ ಕಾಯಿಯೂ ದಪ್ಪವೇ. ತೋಟಕ್ಕೆ ಹೋಗಿ, ಗುಡ್ಡೆಯ ತಳದಿಂದ ಒಂದು ಕಾಯಿ ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದಾಗಲೇ ನಿಜ ಗೊತ್ತಾಗುವುದು. ಬೂಕನಕೆರೆಯ ಸುತ್ತಮುತ್ತ ಇಪ್ಪತ್ತು ವರ್ಷ ನಾನು ಹಾಗೆಯೇ ವ್ಯಾಪಾರ ಮಾಡಿದವನು. ಅಪ್ಪ ಕೊಟ್ಟುಹೋದ ಕಸುಬಲ್ಲ, ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ನಾನೇ ಶುರುಮಾಡಿದ್ದು.

ಒಂದು ದಿನ ಲಾರಿಯ ಲೋಡಿನ ಮೇಲಿಂದ ಬಿದ್ದೆ. ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಗಾಲಿಕುರ್ಚಿ ಬಂತು. ನಾಲ್ಕು ವರ್ಷ ನನ್ನ ಬದಲು ನನ್ನ ಬಾಮೈದ ತೋಟ ಸುತ್ತಿದ. ಒಳ್ಳೆಯವನು. ಆದರೆ ತೋಟದವರು ಕಾಫಿ ಕೊಟ್ಟರೆ, ಲೋಟ ಖಾಲಿಯಾಗುವ ಮೊದಲೇ ಅವರು ಹೇಳಿದ ಬೆಲೆಗೆ ಒಪ್ಪಿಬಿಡುವವನು. ಆಮೇಲೆ ನಾನು ಮನೆಯಲ್ಲಿ ಕೂತು ಫೋನಿನಲ್ಲಿ ಜಗ್ಗಾಡಬೇಕು. ಹಾಗೆ ಜಗ್ಗಾಡಿ ಜಗ್ಗಾಡಿ ಅರ್ಧ ತೋಟಗಳು ಕೈಬಿಟ್ಟವು.

ಅದಕ್ಕೇ ಕಾರು ಕೊಂಡೆ. ಗೇರು ಹಾಕುವ ಗೋಜಿಲ್ಲದ ಹಳೆಯ ಕಾರು. ಸ್ಟಿಯರಿಂಗಿನ ಪಕ್ಕ ಒಂದು ಲಿವರ್ ಕೂರಿಸಿದ್ದೇನೆ. ಎಳೆದರೆ ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ, ಕಾಲಿಗೆ ಕೆಲಸವೇ ಇಲ್ಲ. ಅದನ್ನು ಕಾಗದಪತ್ರದಲ್ಲಿ ಬರೆಸಿ ಲೈಸೆನ್ಸು ಪಡೆಯುವಷ್ಟರಲ್ಲಿ ಸಾಕುಸಾಕಾಯಿತು. ಕಾಲಿಲ್ಲದವರ ಅರ್ಜಿ ತೆಗೆದುಕೊಳ್ಳುವ ಮೇಜು ಮೊದಲ ಮಹಡಿಯಲ್ಲಿತ್ತು ಎಂದಷ್ಟೇ ಹೇಳುತ್ತೇನೆ, ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಲೈಸೆನ್ಸು ಬಂದ ಮೇಲೆ ನಾಗಮಂಗಲದ ಕಡೆಯ ತೋಟದ ಯಜಮಾನರೊಬ್ಬರಿಗೆ ಫೋನು ಮಾಡಿದೆ. ಮೊದಲು ಹತ್ತು ವರ್ಷ ಅವರ ಕಾಯಿ ನನಗೇ ಬರುತ್ತಿತ್ತು.

"ನಿನ್ ಬಾಮೈದುನ್ನ ಕಳುಸ್ಬ್ಯಾಡ ಕಣಪ್ಪ," ಎಂದರು. "ಅವ್ನು ಇಲ್ಲಿ ಊಂ ಅಂತಾನೆ, ನೀನು ಅಲ್ಲಿಂದ ಊಹೂಂ ಅಂತೀಯ. ನಾಳೀಕೆ ಅನ್ನೊಂದು ಗಂಟೆ ಒಳ್ಗೆ ನೀನೇ ಬಂದು ನೋಡಿದ್ರೆ ಗುಡ್ಡೆ ನಿಂದು. ಇಲ್ದಿದ್ರೆ ಪಾಂಡವಪುರದವ್ನು ಬತ್ತಾವ್ನೆ, ಅವ್ನಿಗ್ ಕೊಟ್ಬುಡ್ತೀನಿ."

ಒಂದು ಗುಡ್ಡೆ ಕಾಯಿಯ ಮಾತಲ್ಲ ಅದು. ಆ ತೋಟ ಸಿಕ್ಕರೆ ಅಕ್ಕಪಕ್ಕದ ಐದಾರು ತೋಟಗಳು ಹಿಂದೆಯೇ ಬರುತ್ತವೆ. ಸಿಗದಿದ್ದರೆ, ಇವನ ಕೈಲಿ ಇನ್ನು ಆಗುವುದಿಲ್ಲ ಎಂಬ ಮಾತು ಆ ಸೀಮೆಗೆಲ್ಲ ಹಬ್ಬುತ್ತದೆ. ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರೆ ಅರ್ಧ ಮಾನ ಅಲ್ಲೇ ಹೋಯಿತು. ಒಬ್ಬನೇ ಹೊರಟೆ, ಅದೇ ಮೊದಲ ಸಲ.

ತಾರು ರಸ್ತೆ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗಿದಾಗ ಹತ್ತು ಗಂಟೆ. ಒಂದು ತಿರುವು ದಾಟಿದರೆ ಈ ಅಂಚಿನಿಂದ ಆ ಅಂಚಿನವರೆಗೆ ಹುರುಳಿ. ಬೇರುಸಹಿತ ಕಿತ್ತ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಹಾಸಿದ್ದಾರೆ. ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಬೇಕು, ಅದೇ ನಮ್ಮವರ ಒಕ್ಕಣೆ. ಬೈಯುವುದಕ್ಕೆ ನನಗೆ ಬಾಯಿಲ್ಲ. ನಾನೂ ನಮ್ಮ ಹುರುಳಿಯನ್ನು ರಸ್ತೆಗೇ ಹಾಸಿದವನು, ಅಂಚಿನಲ್ಲಿ ತಪ್ಪಿಸಿಕೊಂಡು ಹೋದ ಬಸ್ಸಿನ ಡ್ರೈವರಿಗೆ ಕಲ್ಲು ತೋರಿಸಿದವನು.

ಕಾರು ಹತ್ತಿಸಿದೆ. ಮೂವತ್ತು ಮಾರು ಹೋಗುವಷ್ಟರಲ್ಲಿ ಅಡಿಯಲ್ಲಿ ಏನೋ ಕರಕರ ಎಂದು ಸುತ್ತಿಕೊಂಡಿತು. ಕಾರು ತಿಣುಕಿತು, ಸೀದ ವಾಸನೆ ಬಂತು. ಎಂಜಿನ್ ಆರಿಸಿ ಹಾರನ್ ಹೊಡೆದೆ. ಮೊರ ಹಿಡಿದಿದ್ದ ಹೆಂಗಸೊಬ್ಬರು ಬಂದರು.

"ಯಾಕ್ ನಿಲ್ಲುಸ್ಬುಟ್ಟೆ? ತುಳ್ಸು ಕಣಪ್ಪ, ಇಂದ್ಕೂ ಮುಂದ್ಕೂ ಇನ್ನೆರಡ್ ಕಿತ ಓಡ್ಸು."

"ಅವ್ವಾ, ಸೀದ ವಾಸ್ನೆ ಬತ್ತಾದೆ. ಕಾರಿನ ಅಡೀಕೆ ಒಸಿ ನೋಡವ್ವ."

"ನೀನೇ ಇಳ್ದು ನೋಡು. ನಂಗೆ ಸೊಂಟ ಬಗ್ಗಕಿಲ್ಲ."

"ನಂಗೆ ಕಾಲೇ ಬರಕಿಲ್ಲ ಕಣವ್ವ."

"ಕಾಲ್ ಬರ್ದಿದ್ರೆ ಕಾರು ಇಲ್ಗಂಟ ಎಂಗ್ ಬಂತು? ತಮಾಸೆ ಮಾಡ್ಬ್ಯಾಡ!"

ಅಷ್ಟರಲ್ಲಿ ಮುಂದಿನ ಚಕ್ರದ ಹತ್ತಿರ ಹೊಗೆ ಎದ್ದಿತು. ನನ್ನ ಗಾಲಿಕುರ್ಚಿ ಮಡಚಿಕೊಂಡು ಹಿಂದಿನ ಸೀಟಿನಲ್ಲಿತ್ತು. ಎಳೆದು, ಬಿಡಿಸಿ, ಇಳಿಯುವುದಕ್ಕೆ ನನಗೆ ಐದು ನಿಮಿಷ ಬೇಕು. ಒಣಗಿದ ಹುರುಳಿ ಬಳ್ಳಿಗೆ ಒಂದು ನಿಮಿಷ ಸಾಕು. ನನ್ನಂತೆ ಕೈಯಲ್ಲಿ ಕಾರು ಓಡಿಸುವವರಿಗೆ ಹೇಳುತ್ತೇನೆ, ಕುರ್ಚಿಯನ್ನು ಪಕ್ಕದ ಸೀಟಿನಲ್ಲೇ ಇಟ್ಟುಕೊಳ್ಳಿ. ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ಹಿಂದೆ ಇಡಬೇಡಿ. ನಾನು ಇಟ್ಟಿದ್ದು ಅದಕ್ಕೇ.

ಹೆಂಗಸು ಕೂಗಿಕೊಂಡರು. ಇಬ್ಬರು ಗಂಡಸರು ಓಡಿಬಂದು ನನ್ನನ್ನು ಎತ್ತಿ ಹೊಂಗೆ ಮರದ ಕೆಳಗೆ ಕೂರಿಸಿದರು. ಕುಡುಗೋಲಿನಿಂದ ಬಳ್ಳಿ ಎಳೆದು, ಎರಡು ಕೊಡ ನೀರು ಸುರಿದರು. ಒಂದು ಹಿಡಿ ಬಳ್ಳಿ ಕರಿಯಾಗಿದ್ದು ಬಿಟ್ಟರೆ ಕಾರಿಗೆ ಏನೂ ಆಗಿರಲಿಲ್ಲ. ನನ್ನ ಜೀವ ಉಳಿಸಿದವರು ಅವರೇ, ಅದರಲ್ಲಿ ಎರಡು ಮಾತಿಲ್ಲ. ಗಡಿಯಾರ ನೋಡಿಕೊಂಡೆ, ಹತ್ತೂಕಾಲು. ತೋಟಕ್ಕೆ ಇನ್ನು ಇಪ್ಪತ್ತು ನಿಮಿಷದ ದಾರಿ.

"ಕುರ್ಚಿ ಕೊಡಿ, ಕೀ ಕೊಡಿ, ಹೊರಡ್ತೀನಿ" ಎಂದೆ.

ಕುರ್ಚಿ ಬಂತು. ಕೀ ಬರಲಿಲ್ಲ. ಆ ಹುರುಳಿಯ ಯಜಮಾನ, ಒಬ್ಬ ಮುದುಕ, ಅದನ್ನು ಪಂಚೆಯ ಚುಂಗಿಗೆ ಗಂಟು ಹಾಕಿಕೊಂಡಿದ್ದ.

"ನಿಮ್ಮನೆ ದೊಡ್ಡೋರು ಯಾರಾರ ಬರ್ಲಿ, ಅವ್ರ ಕೈಗ್ ಕೊಡ್ತೀನಿ."

"ನಾನೇ ದೊಡ್ಡೋನು ಕಣಜ್ಜ. ಐವತ್ತೆರಡು ವರ್ಷ ನಂಗೆ. ತಗೋ, ಲೈಸೆನ್ಸು ನೋಡು."

"ಅದ್ನ ತಗಂಡು ನಾನೇನ್ ಮಾಡ್ಲಿ? ಮುಂದೆ ಓಗಿ ಎಲ್ಲಾರ ಕೆರೆಗೆ ಇಳುಸ್ಬುಟ್ರೆ ಪಾಪ ಯಾರ್ಗೆ? ಕಳುಸ್ದೋರ್ಗೆ."

ಬಳ್ಳಿ ಎಳೆದವರಲ್ಲಿ ಒಬ್ಬ ನಕ್ಕ. "ನಮ್ಮಳಿಯ ಎರಡು ಕೈ ಎರಡು ಕಾಲು ಇಟ್ಕಂಡೇ ಓದ್ವಾರ ಚರಂಡಿಗೆ ಇಳ್ಸಿದ."

ನನಗೆ ಆಸರೆ ಸಿಕ್ಕಿತು. "ಅಂಗಾರೆ ನಿಮ್ಮಳಿಯನ ಕೀ ಯಾಕೆ ಕಿತ್ಕಳ್ಳಿಲ್ಲ?"

ಮುದುಕ ನಗಲೂ ಇಲ್ಲ. "ಅವ್ನು ಅಳಿಯ" ಎಂದ, ಅಷ್ಟರಲ್ಲೇ ಎಲ್ಲ ಬಂತು ಎನ್ನುವಂತೆ.

ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಲಿವರ್ ಹೇಗೆ ಕೆಲಸ ಮಾಡುತ್ತದೆಂದು ಹೇಳಿದೆ. ಕುರ್ಚಿಯಿಂದ ಸೀಟಿಗೆ ನಾನೇ ಜಾರಿಕೊಂಡು, ಎಳೆದು ತಳ್ಳಿ ತೋರಿಸಿದೆ. ಎಲ್ಲರೂ ಕಿಟಕಿಯೊಳಗೆ ತಲೆ ಹಾಕಿ ಭೇಷ್ ಎಂದರು. ಕೀ ಮಾತ್ರ ಪಂಚೆಯ ಚುಂಗಿನಲ್ಲೇ ಇತ್ತು. ಎಂಥೆಂಥ ಜಿಗುಟು ತೋಟದವರನ್ನು ಬಗ್ಗಿಸಿದ ಬಾಯಿ ನನ್ನದು! ಅವರಿಗೆಲ್ಲ ಏನಾದರೊಂದು ಬೇಕಿರುತ್ತಿತ್ತು. ಈ ಮುದುಕನಿಗೆ ನನ್ನಿಂದ ಏನೂ ಬೇಡ, ನನ್ನ ಒಳ್ಳೆಯದು ಮಾತ್ರ ಬೇಕು. ಅಂಥವರ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಹತ್ತೂ ಐವತ್ತಕ್ಕೆ ಹೆಂಡತಿಗೆ ಫೋನು ಮಾಡಿ ಮುದುಕನ ಕೈಗೆ ಕೊಟ್ಟೆ. ಮೊದಲೇ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕಾರಿನ ಕೀ ನನಗೆ ಕೊಡಿಸು ಎಂದು ಇನ್ನೊಬ್ಬರನ್ನು ಕೇಳುವುದಕ್ಕೆ ಅರ್ಧ ಗಂಟೆ ಬಾಯಿ ಬರಲಿಲ್ಲ.

"ಕೊಟ್ಬುಡಜ್ಜ," ಎಂದಳು ಅವಳು. "ಇಟ್ಕಂಡ್ರೆ ಸಾಯಂಕಾಲದ್ಗಂಟ ನಿನ್ ತಲೆ ತಿಂತಾರೆ."

ಮುದುಕ ತಕ್ಷಣ ಗಂಟು ಬಿಚ್ಚಿದ. ಸ್ಟಿಯರಿಂಗ್ ಮುಟ್ಟಿಯೇ ಗೊತ್ತಿಲ್ಲದವಳ ಒಂದು ಮಾತು ಸಾಕಾಯಿತು, ನನ್ನ ಜೇಬಿನ ಲೈಸೆನ್ಸು ಸಾಕಾಗಲಿಲ್ಲ. ಹೊರಡುವ ಮುಂಚೆ ಹುರುಳಿಯನ್ನು ಒತ್ತಟ್ಟಿಗೆ ಸರಿಸಿ ಎಂದು ಕೇಳಿದೆ. ಸರಿಸಿದರು, ಎತ್ತಿನಗಾಡಿ ಹೋಗುವಷ್ಟು.

ತೋಟ ಮುಟ್ಟಿದಾಗ ಹನ್ನೊಂದೂಕಾಲು. ಪಾಂಡವಪುರದವನ ಆಳುಗಳು ಲಾರಿಗೆ ಕಾಯಿ ಎಸೆಯುತ್ತಿದ್ದರು. ಯಜಮಾನರು ಕಾರಿನ ಕಿಟಕಿಗೆ ಬಂದರು.

"ನೀನು ಬರಕಿಲ್ಲ ಅಂದ್ಕಂಡೆ ಕಣಪ್ಪ."

ಆದದ್ದನ್ನು ಹೇಳಿದೆ. ಪಾಪ ಎಂದರು. ಆ ಮಾತು ಕೇಳಲು ನಾನು ಅಷ್ಟು ದೂರ ಹೋಗಿರಲಿಲ್ಲ. ಮುಂದಿನ ಸಲದ ಕಾಯಿ ನನಗೇ ಎಂದು ಮಾತು ಕೊಡಿ ಎಂದೆ.

"ಕೊಡ್ತೀನಿ. ಆದ್ರೆ ಅಷ್ಟೊತ್ಗೆ ನಾವೂ ರಾಗಿ ಮೆದೆ ಒಡ್ದು ಹಾಸಿರ್ತೀವಿ. ಈ ರೋಡ್ ತುಂಬ ರಾಗಿ ಇರ್ತದೆ."

"ನಿಮ್ದೂ ರೋಡ್ಗೇನಾ?"

"ಮತ್ತಿನ್ನೆಲ್ಗೆ? ಕಣ ಇತ್ತಲ್ಲ, ಅಲ್ಲೂ ತೆಂಗಿನ ಸಸಿ ಇಟ್ಬುಟ್ಟಿವ್ನಿ."

"ಅಂಗಾರೆ ನಿಮ್ ರಾಗಿ ಎತ್ತಿದ ಮಾರ್ನೇ ದಿನ್ವೇ ಕಾಯಿ ಕೀಳ್ಸಿ," ಎಂದೆ. ಅದಕ್ಕೆ ಅವರು ಒಪ್ಪಿದರು. ರಾಗಿ ಎತ್ತುವುದು ಯಾವತ್ತು ಎಂದು ಕೇಳಿದರೆ ಲಾರಿಯ ಕಡೆ ತಿರುಗಿ, "ಅದು ಗಾಡಿಗಳು ಎಷ್ಟು ಓಡಾಡ್ತವೋ ಅದ್ರ ಮೇಲೆ ಕಣಪ್ಪ" ಎಂದರು.